ಕುಸ್ತಿಯ ಮಾತು, ಕಾಗುಣಿತದ ಪೇಚು

ಕಾಗುಣಿತದ ವಿಷಯವನ್ನು ಆಕಾಶವಾಣಿಯಲ್ಲಿ ಮಾತನಾಡಹೊರಡುವುದು ಒಂದು ಬಗೆಯ ಸಾಹಸವೇ ಸರಿ. ಕೇಳುವವರಿಗೆ ಅಕ್ಷರ ಕಾಣುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ನನ್ನ ಈ ವಯಸ್ಸಿನ ಗಂಟಲು ಎಷ್ಟರಮಟ್ಟಿಗೆ ತೋರಿಸಬಲ್ಲುದೋ ಅದೂ ಸಂದೇಹ. ಆದರೂ ಧೈರ್ಯ ಮಾಡಿದ್ದೇನೆ. ಕಾರಣವಿಷ್ಟೆ. ಸಂಕ್ರಾಂತಿಯ ಸುಮಾರಿಗೆ ನಮ್ಮ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ ನೆರೆಯುತ್ತದೆ. ಆ ದಿನಗಳಲ್ಲಿ ಊರ ಗೋಡೆಗಳ ಮೇಲೆ ಕುಸ್ತಿಯ ಭಿತ್ತಿಪತ್ರಗಳು ಮೂಡುತ್ತವೆ. ನಾನು ಅವನ್ನು ಕುಸ್ತಿಯ ಆಸೆಯಿಂದ ಓದುವವನಲ್ಲ. ಕನ್ನಡ ಕಲಿಸಿ ನಿವೃತ್ತನಾದವನ ಚಾಳಿಯಿಂದ ಓದುವವನು. ಒಂದು ಪತ್ರದಲ್ಲಿ ‘ಜಂಗಿ ನಿಕಾಲಿ ಕುಸ್ತಿಗಳು’ ಎಂದಿರುತ್ತದೆ. ಪಕ್ಕದ ಗೋಡೆಯ ಮೇಲೆ ಅದೇ ‘ಜಂಗೀ ನಿಖಾಲಿ’ ಆಗಿರುತ್ತದೆ. ಒಂದೇ ಹಾಳೆಯಲ್ಲಿ ಒಬ್ಬ ‘ಪೈಲ್ವಾನ’, ಇನ್ನೊಬ್ಬ ‘ಪೈಲವಾನ’, ಮೂರನೆಯವನು ‘ಪಹಲ್ವಾನ್’. ಇವುಗಳಲ್ಲಿ ಸರಿ ಯಾವುದು, ಸರಿ ಎಂದರೆ ಏನು ಎಂಬುದೇ ಈ ಹೊತ್ತಿನ ನನ್ನ ಮಾತು.

ಮೊದಲು ‘ನಿಕಾಲಿ’ಯನ್ನೇ ತೆಗೆದುಕೊಳ್ಳೋಣ. ಮರಾಠಿಯಲ್ಲಿ ‘ನಿಕಾಲ’ ಎಂದರೆ ಫಲಿತಾಂಶ, ತೀರ್ಪು. ಪರೀಕ್ಷೆಯ ಫಲಿತಾಂಶಕ್ಕೂ ಅಲ್ಲಿ ಅದೇ ಮಾತು, ಕೋರ್ಟಿನ ತೀರ್ಪಿಗೂ ಅದೇ ಮಾತು. ನಿಕಾಲಿ ಕುಸ್ತಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗಿ ಸೋಲು ಗೆಲುವು ತೀರ್ಮಾನವಾಗುವ ತನಕ ನಡೆಯುವ ಕುಸ್ತಿ. ‘ಜಂಗಿ’ ಎಂಬುದು ಪಾರಸಿಯ ‘ಜಂಗ್’, ಅಂದರೆ ಯುದ್ಧ, ಎಂಬುದರಿಂದ ಬಂದದ್ದು. ಕಬ್ಬಿಣಕ್ಕೆ ಹಿಡಿಯುವ ‘ಜಂಗು’ ಬೇರೆ ಮಾತು. ಪಾರಸಿಯಲ್ಲಿ ಅದರ ಮೊದಲ ಅಕ್ಷರದ ಧ್ವನಿಯೇ ಬೇರೆ. ನಮ್ಮ ಲಿಪಿಯಲ್ಲಿ ಆ ಧ್ವನಿಗೆ ಅಕ್ಷರವಿಲ್ಲದ್ದರಿಂದ ಯುದ್ಧವೂ ತುಕ್ಕೂ ಒಂದೇ ರೂಪ ತಾಳಿವೆ. ಇನ್ನು ‘ನಿಖಾಲಿ’ಯ ಖಕಾರ ಎಲ್ಲಿಂದ ಬಂತು? ಆಡುಮಾತಿನಲ್ಲಿ ಮಹಾಪ್ರಾಣವನ್ನು ನಾವು ಸುಲಭವಾಗಿ ಬಿಟ್ಟುಬಿಡುತ್ತೇವೆ. ಆ ಅಳುಕಿನಿಂದ ಬರೆಯುವಾಗ ಬೇಡದ ಕಡೆಯೂ ಅದನ್ನು ತಂದು ಕೂಡಿಸುತ್ತೇವೆ. ಫಲವೇನೆಂದರೆ, ತೀರ್ಮಾನ ಎಂಬ ಗಟ್ಟಿ ಮಾತಿನೊಳಗೆ ‘ಖಾಲಿ’ ಎಂಬ ಬರಿದು ಮಾತು ಹೊಕ್ಕು ಕುಳಿತಿದೆ.

ಇಷ್ಟನ್ನು ನಾನು ಮೊದಲೇ ತಿಳಿದಿದ್ದೆನೆಂದು ಯಾರೂ ಭಾವಿಸಬಾರದು. ಇದನ್ನು ಕಲಿಯಲು ನನಗೆ ಒಂದು ಅವಮಾನ ಬೇಕಾಯಿತು.

1984ರ ಮಾತು. ಎಂ.ಎ. ಮುಗಿಸಿ ಅಧ್ಯಾಪಕನಾಗಿ ಸೇರಿ ಎರಡು ವರ್ಷವಾಗಿತ್ತು. ಭಾಷೆಯ ಶುದ್ಧಿಯ ಭಾರವೆಲ್ಲ ನನ್ನ ಹೆಗಲ ಮೇಲೆಯೇ ಇದೆ ಎಂದು ತಿಳಿದಿದ್ದ ಕಾಲ ಅದು. ಬಬಲೇಶ್ವರದ ಕಡೆಯ ಒಂದು ಹಳ್ಳಿಯ ಜಾತ್ರೆಯ ಹಿರಿಯರು ಕರಪತ್ರದ ಕರಡನ್ನು ನನ್ನಲ್ಲಿಗೆ ತಂದು, ‘ಒಂದೀಟು ತಿದ್ದಿ ಕೊಡ್ರಿ ಸರ’ ಎಂದರು. ಅದರ ನೆತ್ತಿಯ ಮೇಲೆ ‘ಜಂಗಿ ನಿಖಾಲಿ ಕುಸ್ತಿಗಳು’ ಎಂದಿತ್ತು. ನನಗೆ ಅದು ಮೂರು ಭಾಷೆಗಳ ಕಲಬೆರಕೆಯಾಗಿ ಕಂಡಿತು. ಕೆಂಪು ಶಾಯಿಯಿಂದ ಹೊಡೆದುಹಾಕಿ ‘ಭವ್ಯ ಮಲ್ಲಯುದ್ಧ ಪ್ರದರ್ಶನ’ ಎಂದು ಬರೆದೆ. ತಾಲೀಮು ಇದ್ದಲ್ಲಿ ವ್ಯಾಯಾಮಶಾಲೆ ಎಂದು ಮಾಡಿದೆ. ವಸ್ತಾದ ಇದ್ದಲ್ಲಿ ಗುರುವರ್ಯ ಎಂದು ಮಾಡಿದೆ. ಹಿರಿಯರು ಸಂತೋಷದಿಂದಲೇ ಒಯ್ದು ಅಚ್ಚುಹಾಕಿಸಿದರು. ಕಾಲೇಜಿನ ಮಾಸ್ತರರು ತಿದ್ದಿದ ಮೇಲೆ ಅದಕ್ಕೆ ಎದುರುಂಟೆ?

ಕುಸ್ತಿಯ ದಿನ ನಾನೂ ಹೋಗಿದ್ದೆ. ಕೊನೆಯ ಜೋಡಿಯಲ್ಲಿ ದೂರದ ಊರಿನಿಂದ ಬಂದಿದ್ದ ಒಬ್ಬ ಹುಡುಗನಿದ್ದ. ಕೂಲಿಯ ಮನೆತನ. ಎರಡು ತಿಂಗಳು ಕೆಲಸ ಬಿಟ್ಟು, ಹಾಲು ಬಾದಾಮಿಗೆ ಸಾಲ ಮಾಡಿ ತಯಾರಾಗಿ ಬಂದಿದ್ದನೆಂದು ಪಕ್ಕದಲ್ಲಿದ್ದವರು ಹೇಳಿದರು. ಅರ್ಧ ತಾಸು ಕಳೆದರೂ ಇಬ್ಬರಲ್ಲಿ ಯಾರೂ ಕೆಡೆಯಲಿಲ್ಲ. ಹೊತ್ತು ಮುಳುಗುತ್ತಿತ್ತು. ಪಂಚರು ಕುಸ್ತಿ ಬಿಡಿಸಿ, ನಿಕಾಲಿ ಆಗಲಿಲ್ಲವಾದ್ದರಿಂದ ಇನಾಮು ಇಲ್ಲವೆಂದರು. ಹುಡುಗನ ಕಡೆಯವರು ಕರಪತ್ರವನ್ನು ಮುಂದೆ ಹಿಡಿದರು. ‘ನಿಕಾಲಿ ಅಂತ ಎಲ್ಲಿ ಬರದೀರಿ? ಪ್ರದರ್ಶನ ಅಂತ ಐತಿ. ಅದಕ್ಕ ಹುಡುಗ ಕಾಯ್ಕೊಂಡು ಆಡ್ಯಾನ. ಸಮ ಆದ್ರ ಅರ್ಧ ಕೊಡಬೇಕು’ ಎಂಬುದು ಅವರ ವಾದ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಪ್ರದರ್ಶನ ಎಂದರೆ ತೋರಿಸುವುದು. ನಿಕಾಲಿ ಎಂದರೆ ತೀರಿಸುವುದು. ಎರಡಕ್ಕೂ ಆಡುವ ಬಗೆ ಬೇರೆ, ಅಪಾಯ ಬೇರೆ, ಹಣದ ಲೆಕ್ಕ ಬೇರೆ. ‘ಇದನ್ನ ಬರದವ್ರು ಯಾರು?’ ಎಂದು ಪಂಚರಲ್ಲೊಬ್ಬರು ಕೂಗಿ ಕೇಳಿದರು. ನಾನು ಜನರ ನಡುವೆ ಕುಳಿತೇ ಇದ್ದೆ, ಎದ್ದು ನಿಲ್ಲಲಿಲ್ಲ. ಹುಡುಗ ಬರಿಗೈಯಲ್ಲಿ ಹೋದ.

ಜನ ಚದುರಿದ ಮೇಲೆ ಆ ಊರ ತಾಲೀಮಿನ ವೃದ್ಧ ವಸ್ತಾದರು ನನ್ನ ಬಳಿ ಬಂದರು. ಅವರಿಗೆ ಎಲ್ಲ ಗೊತ್ತಿತ್ತು. ‘ಸರ, ತಪ್ಪ ತಿಳಕೋಬ್ಯಾಡ್ರಿ. ನೀವು ಕಲತಾವ್ರು. ನಿಕಾಲಿ ಅಂದ್ರ ಏನು ಅಂತ ಒಂದ ಮಾತು ನಮ್ಮನ್ನ ಕೇಳಿದ್ರ ಹೇಳತಿದ್ವಿ. ನೀವು ಅಕ್ಷರ ತಿದ್ದತೀನಿ ಅಂದ್ರಿ, ಕರಾರ ಅಳಿಸಿಬಿಟ್ರಿ’ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ‘ವಸ್ತಾದರ, ನಂದು ತಪ್ಪಾತು’ ಎಂದು ನಾನು ಅವರಿಗಷ್ಟೆ ಕೇಳುವಂತೆ ಹೇಳಿದೆ. ಹೇಳಬೇಕಾಗಿದ್ದುದು ಆ ಹುಡುಗನಿಗೆ.

ಅಲ್ಲಿಂದೀಚೆಗೆ ಈ ಮಾತುಗಳ ಹಿಂದೆ ಬಿದ್ದೆ. ಅವು ಎಲ್ಲಿಂದ ಬಂದವು, ಏಕೆ ಹೀಗೆ ಬೆರೆತವು ಎಂಬುದನ್ನು ತಿಳಿಯಬೇಕಾದರೆ ಈ ನೆಲದ ಚರಿತ್ರೆಯನ್ನೇ ತಿರುವಿಹಾಕಬೇಕು.

ಬಾದಶಹರು ಬರುವುದಕ್ಕೆ ಮುಂಚೆ ಈ ಭಾಗ ತರ್ದವಾಡಿ ನಾಡು ಎಂಬ ಹೆಸರಿನಿಂದ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆ ವಂಶದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಮಲ್ಲವಿನೋದಕ್ಕೂ ಸ್ಥಳವಿದೆ. ಅಲ್ಲಿ ಮಲ್ಲರನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ, ಮೇಲ್ತರದವನನ್ನು ‘ಜ್ಯೇಷ್ಠಿಕ’ ಎಂದು ಕರೆದಿದೆ. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗಕ್ಕಿಳಿಯುವ ‘ಜಟ್ಟಿ’ಯ ಹೆಸರಿಗೂ ಇದೇ ಬೇರು: ಜ್ಯೇಷ್ಠಿ, ಜೆಟ್ಟಿ, ಜಟ್ಟಿ. ನಮ್ಮ ಗಾದೆಯ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವವನು. ಅವನ ಮೂಲದಲ್ಲಿ ‘ಹಿರಿಯ’ ಎಂಬ ಗೌರವವಿದೆ ಎಂಬುದನ್ನು ಮರೆತಿದ್ದೇವೆ. ‘ಗರಡಿ’ಯೂ ಹಳೆಯ ಮಾತೇ, ಗರುಡಿ ಎಂಬ ರೂಪವೂ ಉಂಟು. ತುಳುನಾಡಿನಲ್ಲಿ ಅದು ಕೋಟಿ ಚೆನ್ನಯರ ಆರಾಧನೆಯ ಸ್ಥಾನವೇ ಆಗಿದೆ. ಅಂಗಸಾಧನೆಯ ಮನೆ ದೈವದ ಮನೆಯಾದ ಈ ಬೆಳವಣಿಗೆಯೇ ಬೇರೊಂದು ಭಾಷಣಕ್ಕೆ ಸಾಕಾದೀತು.

ಹದಿನೈದನೆಯ ಶತಮಾನದ ಕೊನೆಗೆ ಆದಿಲಶಾಹಿ ನೆಲೆಯೂರಿತು. 1686ರಲ್ಲಿ ಔರಂಗಜೇಬನ ಕೈಗೆ ಬೀಳುವವರೆಗೆ ನಿಂತಿತು. ಆಸ್ಥಾನದ ಭಾಷೆ ಪಾರಸಿ. ಆದರೆ 1534ರಿಂದ 1558ರವರೆಗೆ ಆಳಿದ ಮೊದಲನೆಯ ಇಬ್ರಾಹಿಂ ಆದಿಲಶಹನು ಲೆಕ್ಕಪತ್ರಗಳಿಂದ ಪಾರಸಿಯನ್ನು ತೆಗೆದು ದೇಶಭಾಷೆಗೆ ಎಡೆಮಾಡಿಕೊಟ್ಟನು. ಹೀಗೆ ಪಾರಸಿ, ದಖನಿ, ಮರಾಠಿ, ಕನ್ನಡ ನಾಲ್ಕೂ ಒಂದೇ ಪೇಟೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಬಾಳಿದವು. ಮುಂದೆ ಪೇಶ್ವೆಯವರ ಕಾಲ, ಅನಂತರ 1956ರವರೆಗೆ ಮುಂಬಯಿ ಆಡಳಿತ. ಹೀಗಿರುವಾಗ ನಮ್ಮ ಪೈಲ್ವಾನನ ಬಾಯಲ್ಲಿ ಶುದ್ಧ ಹಳಗನ್ನಡವನ್ನು ನಿರೀಕ್ಷಿಸುವುದು ಡೋಣಿ ಹೊಳೆಯಲ್ಲಿ ಎಳನೀರನ್ನು ನಿರೀಕ್ಷಿಸಿದಂತೆ.

ಈ ಬೆರಕೆಯಲ್ಲಿ ಕಾಗುಣಿತ ತಪ್ಪಿದರೆ ಅರ್ಥ ಎತ್ತ ಹೋಗುತ್ತದೆಂಬುದಕ್ಕೆ ಊರೊಳಗೆಯೇ ಒಂದು ದೊಡ್ಡ ನಿದರ್ಶನವಿದೆ. ಅದರ ತೂಕ ಐವತ್ತು ಟನ್ನಿಗೂ ಮಿಗಿಲು. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದು ಮುಂದೆ ಇಲ್ಲಿಗೆ ತಂದ ಆ ತೋಪಿನ ಹೆಸರು ‘ಮಲಿಕ್-ಎ-ಮೈದಾನ್’, ರಣಾಂಗಣದ ಒಡೆಯ. ನಾವು ಅದನ್ನು ‘ಮುಲ್ಕ್ ಮೈದಾನ್’ ಎನ್ನುತ್ತೇವೆ. ಮುಲ್ಕ್ ಎಂದರೆ ರಾಜ್ಯ. ಒಂದು ಉಕಾರ ಸೇರಿದ್ದರಿಂದ ಒಡೆಯನು ಹೋಗಿ ಅವನ ಸೀಮೆ ಉಳಿಯಿತು. ರಣಾಂಗಣವಾಗಿದ್ದ ಮೈದಾನವಾದರೂ ಈಗ ಹುಡುಗರು ಕ್ರಿಕೆಟ್ ಆಡುವ ಬಯಲು. ತೋಪು ಎಂದರೆ ದಕ್ಷಿಣದವರಿಗೆ ಮಾವಿನ ಮರಗಳು ಕಣ್ಣಿಗೆ ಬರುತ್ತವೆ. ಗೋಳಗುಮ್ಮಟದ ‘ಗುಮ್ಮಟ’ ಪಾರಸಿಯ ‘ಗುಂಬದ್’. ಅದು ಮಾತ್ರ ಕನ್ನಡದ ಬಾಯಿಗೆ ಎಷ್ಟು ಚೆನ್ನಾಗಿ ಒಗ್ಗಿದೆಯೆಂದರೆ, ಪರಭಾಷೆಯದೆಂದು ಹೇಳಿದರೆ ನಂಬುವುದೇ ಕಷ್ಟ.

ಕುಸ್ತಿಯ ಕಣಕ್ಕೆ ಮರಳೋಣ. ‘ಕುಸ್ತಿ’ಯೇ ಪಾರಸಿಯ ‘ಕುಶ್ತಿ’. ನಡುಪಟ್ಟಿಯನ್ನು ಹಿಡಿದು ಸೆಣಸುವುದರಿಂದ ಆ ಹೆಸರು ಎಂದು ವಿದ್ವಾಂಸರು ಹೇಳುತ್ತಾರೆ. ಪಾರಸಿಗಳು ಸೊಂಟಕ್ಕೆ ಸುತ್ತಿಕೊಳ್ಳುವ ಪವಿತ್ರ ದಾರದ ಹೆಸರೂ ‘ಕುಸ್ತಿ’ಯೇ. ‘ಪಹಲವಾನ್’ ಎಂಬುದರ ಬೇರು ಪಾರ್ಥಿಯನರ ನಾಡಿನ ಹೆಸರಿನಲ್ಲಿದೆ. ನಮ್ಮ ಪುರಾಣಗಳು ಹೇಳುವ ಪಹ್ಲವರು ಅವರೇ. ‘ಅಖಾಡ’ ಪರಕೀಯವೆಂದು ಮೂಗುಮುರಿಯುವವರುಂಟು. ಅದು ಸಂಸ್ಕೃತದ ‘ಅಕ್ಷವಾಟ’ವೇ ಉತ್ತರದ ಭಾಷೆಗಳನ್ನು ಸುತ್ತಿಕೊಂಡು ಬಂದ ರೂಪ. ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಿಗೆ ಈ ಅಖಾಡವೂ ಬೇಕು, ಒಕ್ಕಲುತನದಿಂದ ಬಂದ ಕನ್ನಡದ ‘ಕಣ’ವೂ ಬೇಕು.

ನಾನು ಹೊಡೆದುಹಾಕಿದ್ದ ‘ತಾಲೀಮು’ ಅರಬ್ಬಿಯ ಮಾತು, ಅರ್ಥ ಶಿಕ್ಷಣ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ‘ನಯೀ ತಾಲೀಮ್’ ಇದೇ. ಮೈಸೂರು ಕಡೆಯ ನಟನಿಗೆ ತಾಲೀಮು ಎಂದರೆ ನಾಟಕದ ಅಭ್ಯಾಸ. ನಮ್ಮ ಓಣಿಯ ಹುಡುಗನಿಗೆ ಕೆಂಪು ಮಣ್ಣು ಹಾಕಿದ, ಹಣುಮಪ್ಪನ ಪಟವಿರುವ ಕೋಣೆ. ಇದನ್ನು ವ್ಯಾಯಾಮಶಾಲೆ ಎಂದರೆ ಏನು ಕಳೆಯುತ್ತದೆ? ವ್ಯಾಯಾಮ ಮೈಗೆ ಮಾತ್ರ. ತಾಲೀಮಿನಲ್ಲಿ ಹಿರಿಯರ ಕಾಲುಮುಟ್ಟುವುದೂ, ಕಣದ ಮಣ್ಣನ್ನು ಹಣೆಗೆ ಹಚ್ಚುವುದೂ, ಗೆದ್ದವನು ಸೋತವನನ್ನು ಅಪ್ಪಿಕೊಳ್ಳುವುದೂ ಸೇರಿದೆ. ‘ಉಸ್ತಾದ’ ನಮ್ಮಲ್ಲಿ ಮರಾಠಿಯ ಉಚ್ಚಾರದಿಂದ ‘ವಸ್ತಾದ’ನಾದ. ಅದನ್ನು ತಿದ್ದಬೇಕೆಂದು ನನಗೀಗ ಅನಿಸುವುದಿಲ್ಲ.

‘ಸೆಡ್ಡು’ ಎಂಬುದನ್ನು ನೋಡಿ. ಕಾದಾಟಕ್ಕೆ ಮೊದಲು ತೋಳಿಗೋ ತೊಡೆಗೋ ಅಂಗೈಯಿಂದ ಬಡಿದು ಸದ್ದು ಮಾಡುವುದು. ಮರಾಠಿಯಲ್ಲಿ ‘ಶಡ್ಡೂ’. ಪತ್ರಿಕೆಯಲ್ಲಿ ನಾಯಕರು ಪರಸ್ಪರ ‘ಸೆಡ್ಡು ಹೊಡೆಯು’ವುದನ್ನು ನಿತ್ಯ ಓದುತ್ತೇವೆ, ತೊಡೆಯ ನೆನಪು ಯಾರಿಗೂ ಇಲ್ಲ. ‘ಚಿತ್’ ಮಾಡುವುದೆಂದರೆ ಅಂಗಾತ ಕೆಡಹುವುದು. ವೇದಾಂತದ ಚಿತ್ ಬೇರೆ, ಬರವಣಿಗೆಯ ‘ಚಿತ್ತು’ ಬೇರೆ. ಮೂರನ್ನೂ ಒಂದೇ ತರಗತಿಯಲ್ಲಿ ವಿವರಿಸಹೋಗಿ ವಿದ್ಯಾರ್ಥಿಗಳನ್ನು ನಗಿಸಿದ್ದೇನೆ. ‘ಪೇಚು’ ಪಾರಸಿಯಲ್ಲಿ ತಿರುಚು, ಸುತ್ತು. ಕುಸ್ತಿಯಲ್ಲಿ ಅದು ಎದುರಾಳಿಯನ್ನು ಸಿಕ್ಕಿಸುವ ಉಪಾಯ. ನಾವು ನಿತ್ಯಜೀವನದಲ್ಲಿ ಪೇಚಾಡುವಾಗ ಕಾಣದ ಜಟ್ಟಿಯೊಬ್ಬನ ಹಿಡಿತದಲ್ಲಿರುತ್ತೇವೆ ಎಂದಾಯಿತು. ಇವುಗಳ ನಡುವೆ ನಮ್ಮದೇ ಆದ ‘ಪಟ್ಟು’, ‘ವರಸೆ’ಗಳು ಸೋಲದೆ ನಿಂತಿವೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನ ಮೊಮ್ಮಗ ಮುಗಿಸಗೊಡುವುದಿಲ್ಲ. ಅವನು ತಾಲೀಮಿಗೆ ಹೋಗುವವನಲ್ಲ, ಕರಾಟೆಗೆ ಹೋಗುವವನು. ಬಿಳಿಯ ಅಂಗಿ ತೊಟ್ಟು ಬಂದು ಒಂದು ದಿನ, ‘ಅಜ್ಜ, ಕರಾಟೆ ಅಂದ್ರ ಏನು?’ ಎಂದು ಕೇಳಿದ. ಕರ ಎಂದರೆ ಕೈ ತಾನೆ, ಎಂದು ನನ್ನ ಸಂಸ್ಕೃತ ಬಾಯಿ ಹಾಕಿತು. ತಪ್ಪು. ಜಪಾನಿಯಲ್ಲಿ ‘ಕರ’ ಎಂದರೆ ಬರಿದು. ಕೈ ಎನ್ನುವುದಕ್ಕೆ ‘ತೆ’. ಅಂದರೆ ಆ ಮಾತು ‘ಕರತೆ’, ಬರಿಗೈ. ನಮ್ಮ ತಕಾರವೇ ಅಲ್ಲಿರುವುದು. ಇಂಗ್ಲಿಷಿನಲ್ಲಿ ತ, ಟ ಎರಡಕ್ಕೂ ಒಂದೇ ಅಕ್ಷರ. ಅದನ್ನು ನೋಡಿ ಬರೆದ ನಾವು ‘ಟೆ’ ಮಾಡಿಕೊಂಡೆವು. ‘ಜೂದೋ’ ಎಂಬುದು ‘ಜೂಡೋ’ ಆಯಿತು, ‘ದೋಜೋ’ ಎಂಬುದು ‘ಡೋಜೋ’ ಆಯಿತು. ಜಪಾನಿನ ಧ್ವನಿಯನ್ನು ಇಂಗ್ಲಿಷಿಗಿಂತ ಚೆನ್ನಾಗಿ ಬರೆಯಬಲ್ಲ ಲಿಪಿ ನಮ್ಮ ಕೈಯಲ್ಲಿದ್ದೂ ಇಂಗ್ಲಿಷಿನ ಬಾಗಿಲಿನಿಂದಲೇ ಅದನ್ನು ಕರೆತಂದೆವು. ಹೊರಗಿನವರು ನಮ್ಮ ತಿಕೋಟಾವನ್ನು ‘ಟಿಕೋಟಾ’ ಎಂದು ಬರೆದಾಗ ನಗುತ್ತೇವೆ. ಇದೂ ಅದೇ ಜಾಡಿನ ತಪ್ಪು. ಆದರೂ ‘ಜೂದೋ’ ಎಂದು ಬರೆದಿದ್ದರೆ ದ್ಯೂತದ ತದ್ಭವವಾದ ‘ಜೂದು’ ನೆನಪಾಗಿ ತಾಯಂದಿರು ಮಕ್ಕಳನ್ನು ಕಳಿಸುತ್ತಿರಲಿಲ್ಲವೇನೊ!

ಇಂಗ್ಲಿಷರಾದರೂ ಈ ಮಾತುಗಳೊಡನೆ ಕಡಿಮೆ ಪೇಚಾಡಿಲ್ಲ. ‘ಜೂಜುತ್ಸು’ ಎಂಬುದು ಮೃದುವಾಗಿ ಬಾಗಿ ಗೆಲ್ಲುವ ಕಲೆ. ಅದನ್ನವರು ‘ಜಿಯು-ಜಿತ್ಸು’ ಎಂದು ಬರೆದರು. ಆ ರೂಪ ಬ್ರೆಜಿಲಿನಲ್ಲಿ ಇಂದಿಗೂ ಉಳಿದಿದೆ. ಬಾರ್ಟನ್-ರೈಟ್ ಎಂಬಾತ ಅದನ್ನು ಕಲಿತು, ತನ್ನ ಹೆಸರನ್ನೂ ಬೆರೆಸಿ ‘ಬಾರ್ಟಿತ್ಸು’ ಎಂದು ಲಂಡನ್ನಿನಲ್ಲಿ ಪ್ರಚುರಪಡಿಸಿದ. 1903ರಲ್ಲಿ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸನನ್ನು ಜಲಪಾತದ ಅಂಚಿನಿಂದ ಬದುಕಿಸಿ ತರುವಾಗ ಆ ವಿದ್ಯೆಯನ್ನು ‘ಬಾರಿತ್ಸು’ ಎಂದು ಬರೆದ. ಒಂದಕ್ಷರ ಬಿಟ್ಟುಹೋದರೂ ಹೋಮ್ಸ್ ಬದುಕಿಕೊಂಡ. ಬಂಗಾಳದ ದಾರಿ ಇನ್ನೂ ಸ್ವಾರಸ್ಯದ್ದು. ರವೀಂದ್ರರು 1929ರಲ್ಲಿ ತಕಗಾಕಿ ಎಂಬ ಜಪಾನಿ ಗುರುವನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡು ಈ ವಿದ್ಯೆಯನ್ನು ಹೇಳಿಸಿದರು. ಬಂಗಾಳಿಗಳು ಯಕಾರವನ್ನು ಜಕಾರವಾಗಿ ಉಚ್ಚರಿಸುವವರು. ಅವರು ‘ಯುಯುತ್ಸು’ ಎಂದು ಬರೆದರು, ‘ಜುಜುತ್ಸು’ ಎಂದು ಓದಿದರು. ಗೀತೆಯ ಮೊದಲ ಶ್ಲೋಕದಲ್ಲಿಯೇ ಬರುವ ಮಾತು ಅದು. ಯುದ್ಧಮಾಡಲು ಬಯಸುವವನು ಎಂದರ್ಥ. ಧ್ವನಿ ಸರಿಹೋಯಿತು, ಮೃದುತ್ವದ ವಿದ್ಯೆ ಮಾತ್ರ ಕಾದಾಟದ ಹಂಬಲವಾಯಿತು.

‘ಕರತೆ’ಗೂ ಇಂಥ ಒಂದು ಇತಿಹಾಸವಿದೆ. ಓಕಿನಾವಾ ದ್ವೀಪದಲ್ಲಿ ಅದನ್ನು ಬರೆಯುತ್ತಿದ್ದ ಚಿಹ್ನೆಗೆ ಚೀನಾದ ತಾಂಗ್ ವಂಶದ ಹೆಸರಿನ ಅರ್ಥವಿತ್ತು. ಹಾಗಾಗಿ ಅದು ಚೀನೀ ಕೈ. ಫುನಾಕೋಶಿ ಗಿಚಿನ್ 1922ರಲ್ಲಿ ತೋಕ್ಯೋದಲ್ಲಿ ಅದನ್ನು ಪ್ರದರ್ಶಿಸಿದ ಮೇಲೆ ಮುಖ್ಯ ಜಪಾನಿನಲ್ಲಿ ವಿದ್ಯೆ ಹಬ್ಬಿತು. ಚೀನಾದ ಹೆಸರು ಬೇಡವೆನ್ನುವ ಕಾಲವೂ ಬಂತು. 1936ರಲ್ಲಿ ಓಕಿನಾವಾದ ಗುರುಗಳು ನಾಹಾ ಪಟ್ಟಣದಲ್ಲಿ ಸಭೆ ಸೇರಿ, ಅದೇ ಧ್ವನಿಯ, ಬರಿದು ಎಂಬರ್ಥದ ಬೇರೊಂದು ಚಿಹ್ನೆಯನ್ನು ಒಪ್ಪಿದರು. ಅದರ ಹಿಂದಿನ ರಾಜಕೀಯವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಬದಲಾಯಿಸಿದವರು ಆ ವಿದ್ಯೆಯನ್ನು ಮೈಗೂಡಿಸಿಕೊಂಡವರು. ಬಾಯಿಂದ ಬಾಯಿಗೆ ಹೋಗುತ್ತಿದ್ದ ಸದ್ದನ್ನು ಅವರು ಮುಟ್ಟಲಿಲ್ಲ. ಕೆಂಪು ಶಾಯಿ ಹಿಡಿದಿದ್ದ ನನ್ನನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ನೋಡಿಕೊಂಡಾಗ ನನಗೆ ಮುಖವೆತ್ತಲಾಗುವುದಿಲ್ಲ.

ಮೊಮ್ಮಗ ತನ್ನ ಗುರುವನ್ನು ‘ಸೆನ್ಸೈ’ ಎನ್ನುತ್ತಾನೆ. ಚಿಹ್ನೆಗಳನ್ನು ಬಿಡಿಸಿದರೆ ‘ಮೊದಲು ಹುಟ್ಟಿದವನು’ ಎಂದರ್ಥ. ಸೋಮೇಶ್ವರನ ಜ್ಯೇಷ್ಠಿಕನೂ ಹಿರಿಯನೇ ಅಲ್ಲವೆ? ಅವರು ‘ಕತ’ ಎಂದು ಅಭ್ಯಾಸಮಾಡುವುದು ನಮ್ಮ ವರಸೆಯೇ. ಅವರ ‘ದೋಜೋ’ ಬೌದ್ಧರ ‘ಬೋಧಿಮಂಡ’ ಎಂಬ ಮಾತಿಗೆ ಚೀನೀಯರು ಮಾಡಿಕೊಂಡ ಅನುವಾದ. ಬುದ್ಧನಿಗೆ ಅರಿವು ಮೂಡಿದ ಸ್ಥಳ. ಇದನ್ನೆಲ್ಲ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಕೇಳಿ, ‘ನಮ್ಮ ಸೆನ್ಸೈ ಮುಂದ ಕರತೆ ಅಂದ್ರ ನಗತಾರ ಅಜ್ಜ’ ಎಂದ. ಹೌದು, ನಕ್ಕಾರು. ‘ಕರಾಟೆ’ ಕನ್ನಡದಲ್ಲಿ ನೆಲೆಯೂರಿಯಾಗಿದೆ. ಅದನ್ನು ಕೀಳಲು ನಾನು ಹೋಗುವುದಿಲ್ಲ.

ಕಳೆದ ವರ್ಷ ಅದೇ ಬಬಲೇಶ್ವರದ ಕಡೆಯ ಹಳ್ಳಿಯಿಂದ ತರುಣನೊಬ್ಬ ಬಂದಿದ್ದ. ‘ಸರ, ನಮ್ಮ ಅಜ್ಜಾರು ನಿಮ್ಮ ಹೆಸರು ಹೇಳತಿದ್ರು’ ಎಂದು ಮೊಬೈಲಿನಲ್ಲಿ ಭಿತ್ತಿಪತ್ರದ ಕರಡನ್ನು ತೋರಿಸಿದ. ಅಜ್ಜ ಯಾರೆಂದು ಕೇಳಿದೆ, ಆ ವಸ್ತಾದರೇ. ತೀರಿಕೊಂಡು ಬಹಳ ವರ್ಷಗಳಾದುವಂತೆ. ನಾನು ಕರಡನ್ನು ಎರಡು ಸಲ ಓದಿದೆ. ಪೈಲವಾನ ಇದ್ದಲ್ಲಿ ಪೈಲವಾನನನ್ನೇ ಬಿಟ್ಟೆ. ತಾಲೀಮು, ವಸ್ತಾದ, ಜಂಗಿ ಯಾವುದನ್ನೂ ಮುಟ್ಟಲಿಲ್ಲ. ‘ನಿಖಾಲಿ’ಯ ಖಕಾರವೊಂದನ್ನು ತೆಗೆದು ಕಕಾರ ಮಾಡಿಸು, ಸಮವಾದರೆ ಇನಾಮು ಹೇಗೆ ಎಂಬುದನ್ನೂ ಕೆಳಗೆ ಒಂದು ಸಾಲು ಹಾಕಿಸು ಎಂದೆ. ಅವನು ತಲೆಯಾಡಿಸಿ ಹೋದ.

ಜಾತ್ರೆಯ ಮುನ್ನಾದಿನ ಬಸ್ ನಿಲ್ದಾಣದ ಗೋಡೆಯ ಮೇಲೆ ಆ ಪತ್ರ ಕಂಡಿತು. ಇನಾಮಿನ ಸಾಲು ಸರಿಯಾಗಿ ಬಂದಿತ್ತು. ಮೇಲೆ ದಪ್ಪ ಅಕ್ಷರಗಳಲ್ಲಿ ‘ಜಂಗಿ ನಿಖಾಲಿ ಕುಸ್ತಿಗಳು’ ಎಂದೇ ಇತ್ತು. ನಾನು ಕನ್ನಡಕವನ್ನು ಸರಿಮಾಡಿಕೊಂಡು ನಿಂತಿರುವಾಗ, ಕಿವಿ ಮುರಿದ ಇಬ್ಬರು ಹುಡುಗರು ಬಂದು ಅದನ್ನು ಓದಿದರು. ‘ನಿಕಾಲಿ ಐತಲೇ, ನಡಿ ಹೋಗೂಣು’ ಎಂದ ಒಬ್ಬ. ಅವನ ಬಾಯಲ್ಲಿ ಕಕಾರ ಸ್ಪಷ್ಟವಾಗಿತ್ತು.